ಹದಿನಾಲ್ಕು ಕ್ಯಾರೆಟ್ಟಿನ ಅಡ್ಡಿಕೆ

ಮೂಸೆಯಲ್ಲಿ ಚಿನ್ನ ಕರಗಿ ಹೊಳೆಯುತ್ತಿದ್ದಾಗ ನಾನು ಅದರೊಳಕ್ಕೆ ತಾಮ್ರದ ಚೂರುಗಳನ್ನು ಹಾಕಿದೆ. ಎದುರಿಗೆ ಚಾಪೆಯ ಮೇಲೆ ಕೂತಿದ್ದ ಗುಮಾಸ್ತರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಒಡವೆ ಮಾಡಿಸುವವರು ಅಗ್ಗಿಷ್ಟಿಕೆಯ ಎದುರಿಗೆ ಕೂತು, ತಮ್ಮ ಚಿನ್ನ ಕರಗುವುದನ್ನು ಕಣ್ಣಾರೆ ನೋಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಅಕ್ಕಸಾಲಿಗನ ಮೇಲಿನ ಅನುಮಾನದಿಂದ ಹುಟ್ಟಿದ ಪದ್ಧತಿ ಅಂತ ಜನ ನಗುತ್ತಾರೆ, ನಗಲಿ. ಆದರೆ ನಾನೇ ಹಾಡಹಗಲಲ್ಲಿ ಚಿನ್ನ ಕೆಡಿಸುವುದನ್ನು ನೋಡಲಿ ಅಂತ ಅಲ್ಲಿಯವರೆಗೆ ಯಾರನ್ನೂ ಕೂರಿಸಿಕೊಂಡಿರಲಿಲ್ಲ.

"ಅಳ್ಬೇಡ ಕಣೇ, ಸರ್ಕಾರದ ಕಾನೂನು," ಅಂದರು ಗುಮಾಸ್ತರು.

"ಸರ್ಕಾರಕ್ಕೂ ಮದುವೆಗೆ ಬಂದ ಮಗಳಿದ್ದಿದ್ರೆ ಗೊತ್ತಾಗ್ತಿತ್ತು," ಅಂದರು ಆಕೆ.

ಅದು ಅರವತ್ತಮೂರನೆಯ ಇಸವಿ. ಚೀನಾದ ಯುದ್ಧವಾದ ಮೇಲೆ ಬಂದ ಚಿನ್ನ ನಿಯಂತ್ರಣದಿಂದಾಗಿ ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲಿನ ಒಡವೆಯನ್ನು ಯಾರೂ ಮಾಡುವ ಹಾಗಿರಲಿಲ್ಲ. ನಾವು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು ಇಪ್ಪತ್ತೆರಡರ ಚಿನ್ನದಲ್ಲಿ. ಹದಿನಾಲ್ಕು ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಬೇರೆ ಲೋಹ. ದೇವನಹಳ್ಳಿ ಪಕ್ಕದ ವಿಜಯಪುರದ ನಮ್ಮ ಬೀದಿಯಲ್ಲಿ ಒಬ್ಬೊಬ್ಬರದೂ ಅಗ್ಗಿಷ್ಟಿಕೆ ಆರಿತು. ಒಬ್ಬರು ಘಾಟಿ ಸುಬ್ರಹ್ಮಣ್ಯದ ಅಂಗಡಿಗಳಿಗೆ ಹರಕೆಯ ಬೆಳ್ಳಿ ನಾಗರಹೆಡೆ ಬಡಿದು ಹಾಕತೊಡಗಿದರು. ಇನ್ನೊಬ್ಬರು ಊರೇ ಬಿಟ್ಟರು. ಅಕ್ಕಸಾಲಿಗರು ಜೀವ ಕಳೆದುಕೊಂಡ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಪೇಪರ್ ತರುವುದನ್ನೇ ನಿಲ್ಲಿಸಿಬಿಟ್ಟಳು.

ಬಾಗಿಲು ಹಾಕಿಕೊಂಡು ಗುಟ್ಟಾಗಿ ಇಪ್ಪತ್ತೆರಡರಲ್ಲೇ ಮಾಡಿಕೊಡುವವರೂ ಇದ್ದರು. ಗುಮಾಸ್ತರು ದೇವನಹಳ್ಳಿಯ ತಾಲ್ಲೂಕು ಕಚೇರಿಯವರು. ನೌಕರಿಗೆ ಸಂಚಕಾರ ತಂದುಕೊಳ್ಳಲು ಅವರು ತಯಾರಿರಲಿಲ್ಲ. ನನಗೂ ಹೆದರಿಕೆ ಇತ್ತು, ಆದರೆ ಹೆದರಿಕೆಗಿಂತ ಹೆಚ್ಚಾಗಿ ರೇಗಿತ್ತು. ನಮ್ಮಪ್ಪ, ಅವರಪ್ಪ ಬೀದಿಗೆ ಬಾಗಿಲು ತೆರೆದಿಟ್ಟು ಮಾಡಿದ ಕೆಲಸವನ್ನು ನಾನು ಕಳ್ಳನ ಹಾಗೆ ಯಾಕೆ ಮಾಡಲಿ? "ಮಾಡ್ಕೊಡ್ತೀನಿ ಗುಮಾಸ್ತರೇ, ಕಾನೂನಿನ ಪ್ರಕಾರವೇ ಮಾಡ್ಕೊಡ್ತೀನಿ, ಯಾರೂ ಬೆರಳು ತೋರಿಸ್ಬಾರ್ದು ಹಂಗೆ ಮಾಡ್ಕೊಡ್ತೀನಿ," ಅಂದುಬಿಟ್ಟಿದ್ದೆ. ಹದಿನಾಲ್ಕರ ಲೋಹವನ್ನು ಅಲ್ಲಿಯವರೆಗೆ ನಾನು ಕೈಯಿಂದ ಮುಟ್ಟಿಯೂ ಇರಲಿಲ್ಲ.

ಮಾಡಬೇಕಾಗಿದ್ದದ್ದು ಅಡ್ಡಿಕೆ. ಕೊರಳಿಗೆ ಅಂಟಿಕೊಂಡಂತೆ ಕೂರುವ, ಎರಡು ಕಡೆಯೂ ಎಲೆಗಳ ಸಾಲು, ನಡುವೆ ಪದಕ ಇರುವ ಒಡವೆ. ಗುಮಾಸ್ತರ ಮಗಳನ್ನು ಸೂಲಿಬೆಲೆಗೆ ಕೊಡುವುದಿತ್ತು, ಲಗ್ನ ವೈಶಾಖಕ್ಕೆ ಗೊತ್ತಾಗಿತ್ತು.

ನನ್ನ ಹೆಂಡತಿಯ ತಮ್ಮ ರೇಷ್ಮೆ ಹುರಿ ಮಾಡುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಒಳ್ಳೆಯ ಹುಡುಗ, ಒಳ್ಳೆಯ ಮಾತನ್ನೇ ಆಡಿದ. "ಭಾವ, ನಮ್ ಕಾರ್ಖಾನೇಲಿ ಒಂದ್ ಜಾಗ ಖಾಲಿ ಇದೆ. ನಿಮ್ ಕೈ ಸೂಕ್ಷ್ಮ, ಎಳೆ ಕಟ್ಟೋ ಕೆಲ್ಸ ಬೇಗ ಹತ್ತುತ್ತೆ. ಈ ಮದ್ವೆ ಆಗೋವರ್ಗೂ ಸಾಹುಕಾರ್ರಿಗೆ ಏನೋ ಹೇಳಿ ತಡೆದಿರ್ತೀನಿ. ಆಮೇಲೆ ನನ್ ಕೈಲಿಲ್ಲ."

"ಆಮೇಲೆ ಬೇಕಾಗಲ್ಲ ಬಿಡು," ಅಂದೆ. ಹೇಳುವಾಗ ಇದ್ದ ಧೈರ್ಯ ಅವನು ಜಗಲಿ ಇಳಿಯುವ ಹೊತ್ತಿಗೆ ಇರಲಿಲ್ಲ. ಈ ಒಂದು ಒಡವೆ ಗೆದ್ದರೆ ನಾನು ಅಕ್ಕಸಾಲಿಗ, ಸೋತರೆ ಹುರಿ ಕಾರ್ಖಾನೆಯ ಕೂಲಿ. ನನಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು.

ಮೂಸೆಯಿಂದ ಸುರಿದ ಗಟ್ಟಿ ಆರಿದಾಗ ಅದರ ಬಣ್ಣ ನೋಡಿ, ಬೆಳಕಿಗೆ ತಂದು ಮತ್ತೆ ನೋಡಿದೆ. ಚಿನ್ನಕ್ಕೆ ಬೆಳ್ಳಿ ಬೆರೆಸಿದರೆ ಬಿಳಿಚಿಕೊಳ್ಳುತ್ತದೆ ಅಂತ ನಮ್ಮ ಮನೆಯಲ್ಲಿ ಬರೀ ತಾಮ್ರ ಹಾಕುವುದು ರೂಢಿ. ಇಪ್ಪತ್ತೆರಡರಲ್ಲಿ ಆ ಚಿಟಿಕೆ ತಾಮ್ರ ಚಿನ್ನಕ್ಕೆ ಒಂದು ಕಳೆ ಕೊಡುತ್ತಿತ್ತು. ಇಲ್ಲಿ ರೂಢಿ ಬಿಡದೆ ಇಡೀ ಪಾಲೂ ತಾಮ್ರವನ್ನೇ ಹಾಕಿದ್ದೆ, ಗಟ್ಟಿ ಚೆಂಬಿನ ತಳದ ಹಾಗೆ ಕೆಂಪಾಗಿತ್ತು. ಬೆರೆತದ್ದನ್ನು ಬಿಡಿಸುವ ಹಾಗಿಲ್ಲ, ಇನ್ನು ಬೆಳ್ಳಿ ಸೇರಿಸಿದರೆ ಹದಿನಾಲ್ಕೂ ಉಳಿಯುವುದಿಲ್ಲ. ಕೆಂಪಾದರೆ ಕೆಂಪೇ, ಕೆಲಸ ಚೆನ್ನಾಗಿದ್ದರೆ ಸರಿ ಅಂತ ಸುತ್ತಿಗೆ ಹಿಡಿದೆ.

ಗಟ್ಟಿಯನ್ನು ಅಡಿಗಲ್ಲಿನ ಮೇಲಿಟ್ಟು ಬಡಿದು ತಗಡು ಮಾಡುವುದು ಮೊದಲ ಕೆಲಸ. ಬಡಿಯುತ್ತ ಬಡಿಯುತ್ತ ಚಿನ್ನ ಬಿಗಿಯುತ್ತದೆ, ಆಗ ಕೆಂಪಗೆ ಕಾಯಿಸಿ ಹದಕ್ಕೆ ತಂದು ಮತ್ತೆ ಬಡಿಯಬೇಕು. ಇಪ್ಪತ್ತೆರಡರ ಚಿನ್ನ ಹೇಳಿದ ಮಾತು ಕೇಳುತ್ತದೆ, ಕಾಯಿಸುವುದನ್ನು ಒಂದೆರಡು ಸಲ ಮರೆತರೂ ಮುನಿಸಿಕೊಳ್ಳುವುದಿಲ್ಲ. ಇದು ಹಾಗಲ್ಲ. ನಾಲ್ಕು ಏಟು ಬೀಳುವುದರೊಳಗೆ ಅಂಚಿನಲ್ಲಿ ಸೀಳು ಕಾಣಿಸಿತು. ಕಾಯಿಸಿದೆ. ನಮ್ಮ ಪದ್ಧತಿಯಂತೆ ಬೂದಿಯಲ್ಲಿ ಹುದುಗಿಸಿ ತಾನಾಗಿ ಆರಲು ಬಿಟ್ಟೆ. ಮತ್ತೆ ಬಡಿದರೆ ಸೀಳು ಒಳಕ್ಕೆ ಓಡಿತು.

ಜಗಲಿಯ ಮೇಲೆ ಅಪ್ಪ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟಿದ್ದರು, ಕಿವಿ ಮಾತ್ರ ಬಿಟ್ಟಿರಲಿಲ್ಲ. ಸುತ್ತಿಗೆಯ ಸದ್ದು ಕೇಳಿಯೇ ತಗಡಿನ ಹದ ಹೇಳುವವರು.

"ಅದು ಕಿರುಚ್ಕೋತಾ ಇದೆ. ನಿಲ್ಸು," ಅಂದರು.

"ಕಾಯಿಸಿದೀನಪ್ಪಾ."

"ಇನ್ನೂ ಹೊತ್ತು ಕಾಯ್ಸು. ಇನ್ನೂ ಹೊತ್ತು ಆರಿಸು. ಆತುರಕ್ಕೆ ಬಂಗಾರ ಬಗ್ಗಲ್ಲ."

ಇನ್ನೂ ಹೊತ್ತು ಕಾಯಿಸಿದೆ, ಇನ್ನೂ ನಿಧಾನವಾಗಿ ಆರಿಸಿದೆ. ಬೆಳಿಗ್ಗೆ ಬೂದಿಯಲ್ಲಿ ಹೂತದ್ದನ್ನು ಸಂಜೆ ತೆಗೆದೆ. ಆಗಂತೂ ತಗಡು ಹಪ್ಪಳದ ಹಾಗೆ ಮುರಿಯಿತು. ತಾಮ್ರದಲ್ಲೇ ಏನೋ ದೋಷವಿದೆ ಅಂದುಕೊಂಡೆ, ಯಾಕೆಂದರೆ ನಾನು ಹಾಕಿದ್ದು ಹಳೇ ಪಾತ್ರೆಯ ತುಂಡು. ಬಿಳಿಗಾರ ಹಾಕಿ ಕರಗಿಸಿ ಕಸರು ತೆಗೆದೆ, ಮತ್ತೆ ಗಟ್ಟಿ ಹೊಯ್ದೆ, ಮತ್ತೆ ಬಡಿದೆ, ಮತ್ತೆ ಸೀಳಿತು. ಒಂದೊಂದು ಸಲ ಕರಗಿಸಿದಾಗಲೂ ನನ್ನ ಮೈಯಲ್ಲಿನ ಶಕ್ತಿಯೇ ಒಂದಿಷ್ಟು ಮೂಸೆಗೆ ಸೇರುತ್ತಿತ್ತು. ಊಟಕ್ಕೆ ಕೂತರೆ ಹೆಂಡತಿ ಏನೂ ಕೇಳುತ್ತಿರಲಿಲ್ಲ, ಅವಳು ಕೇಳದೆ ಇದ್ದದ್ದಕ್ಕೂ ನಾನು ರೇಗುತ್ತಿದ್ದೆ.

ಹೇಗೋ ಮಾಡಿ ಅಂಗೈಯಗಲದ ಒಂದು ತಗಡು ಸೀಳದೆ ಉಳಿಯಿತು. ಎಲೆ ಎತ್ತಲು ಅಚ್ಚು ತೆಗೆದೆ. ಕಂಚಿನ ಅಚ್ಚುಗಳು ನಮ್ಮ ಮನೆಯ ಆಸ್ತಿ. ನಮ್ಮ ತಾತ ಕೊರೆದವು, ಅಪ್ಪ ಅವುಗಳಲ್ಲೇ ಜೀವನವೆಲ್ಲ ದುಡಿದವರು. ತಗಡನ್ನು ಅಚ್ಚಿನ ಮೇಲಿಟ್ಟು, ಮೇಲೆ ಸೀಸದ ತುಂಡಿಟ್ಟು ಬಡಿದರೆ ಎಲೆ, ಎಲೆಯ ನರ, ಅಂಚಿನ ಮುತ್ತಿನ ಸಾಲು ಎಲ್ಲವೂ ಮೂಡುತ್ತವೆ. ಹೊಸ ಒಡವೆ ಅಂದರೆ ನಮಗೆ ಯಾವ ಅಚ್ಚಿನ ಪಕ್ಕದಲ್ಲಿ ಯಾವ ಅಚ್ಚನ್ನು ಇಡುವುದು ಅನ್ನುವ ಯೋಚನೆ, ಅಷ್ಟೆ. ಅದಕ್ಕಿಂತ ಮುಂದೆ ಯೋಚಿಸುವ ಅಗತ್ಯ ನನಗೆ ಯಾವತ್ತೂ ಬಿದ್ದಿರಲಿಲ್ಲ.

ಬಡಿದೆ. ಎಲೆ ಅರ್ಧ ಮೂಡಿ ನಿಂತಿತು. ಇನ್ನೂ ಜೋರಾಗಿ ಬಡಿದೆ. ಟಪ್ ಅಂತ ಒಂದು ಸದ್ದು ಬಂತು. ತಗಡು ತೆಗೆದು ನೋಡಿದರೆ ತಗಡಿನ ತುದಿ ಹರಿದಿದೆ, ಅದರ ಕೆಳಗೆ ಅಚ್ಚಿನ ನರ ಮುಕ್ಕಾಗಿದೆ. ಮೂರು ತಲೆಮಾರಿನ ಎಲೆ ನನ್ನ ಕೈಯಲ್ಲಿ ಮುಕ್ಕಾಯಿತು.

"ಏನ್ ಮುರೀತು?" ಅಂದರು ಅಪ್ಪ ಜಗಲಿಯಿಂದ.

ನಾನು ಅಚ್ಚನ್ನು ಹಲಗೆಯ ಮೇಲಿಟ್ಟೆ. ಅವರು ಎದ್ದು ಗೋಡೆ ಹಿಡಿದುಕೊಂಡು ಬಂದು, ಕೈಯಿಂದ ಅಚ್ಚನ್ನು ತಡವಿ, ಮುಕ್ಕಿನ ಮೇಲೆ ಹೆಬ್ಬೆರಳಿಟ್ಟರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಚ್ಚನ್ನು ಪಂಚೆಯ ತುದಿಯಲ್ಲಿ ಒರೆಸಿ, ಕೆಳಗಿಟ್ಟು ಹೋದರು.

ಅವತ್ತು ನನಗೆ ಬಂದ ಸಿಟ್ಟು ಯಾರ ಮೇಲೆ ಅಂತ ಈಗಲೂ ಗೊತ್ತಿಲ್ಲ. ಸರ್ಕಾರದ ಮೇಲೆ, ಗುಮಾಸ್ತರ ಮೇಲೆ, ಮಾತು ಕೊಟ್ಟ ನನ್ನ ನಾಲಿಗೆಯ ಮೇಲೆ. ಹರಿದ ತಗಡಿನಿಂದ ಪಟ್ಟಿಯೊಂದನ್ನು ಕತ್ತರಿಸಿ, ಕಟ್ಟಕಡೆಯ ಸಲ ಅಂತ ಕಾಯಿಸಿದೆ. ಇಕ್ಕಳದಲ್ಲಿ ಹಿಡಿದು ಬೂದಿಯ ಕಡೆ ಹೊರಟವನು, "ಹಾಳಾಗಿ ಹೋಗು" ಅಂತ ಪಕ್ಕದಲ್ಲಿದ್ದ ಹುಣಸೆ ನೀರಿನ ಮಡಕೆಗೆ ಅದನ್ನು ಎಸೆದುಬಿಟ್ಟೆ. ಆರಿದ ಒಡವೆಯ ಕಪ್ಪು ತೆಗೆಯಲು ಇಟ್ಟುಕೊಳ್ಳುವ ನೀರು ಅದು. ಸುಡುವ ಚಿನ್ನವನ್ನು ಅದಕ್ಕೆ ಹಾಕುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಬಂಗಾರ ಅಂದರೆ ಲಕ್ಷ್ಮಿ, ಉರಿಯುತ್ತಿರುವವಳನ್ನು ನೀರಿಗೆ ತಳ್ಳಬಾರದು ಅಂತ ಅಪ್ಪ ನನ್ನನ್ನು ಅಗ್ಗಿಷ್ಟಿಕೆಯ ಮುಂದೆ ಕೂರಿಸಿದ ಮೊದಲ ದಿನವೇ ಹೇಳಿದ್ದರು.

ಮರುದಿನ ಪಟ್ಟಿಯನ್ನು ಮತ್ತೆ ಮೂಸೆಗೆ ಹಾಕೋಣ ಅಂತ ಮಡಕೆಯಿಂದ ತೆಗೆದು ಕತ್ತರಿ ಇಟ್ಟೆ. ಕತ್ತರಿ ಸಲೀಸಾಗಿ ಹೋಯಿತು. ಕೈ ತಪ್ಪಿರಬೇಕು ಅಂತ ಇನ್ನೊಂದು ಕಡೆ ಇಟ್ಟೆ, ಅಲ್ಲೂ ಹಾಗೆಯೇ. ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದೆ. ಬಾಳೆನಾರಿನ ಹಾಗೆ ಬಗ್ಗಿತು.

ಖುಷಿ ಪಡುವುದಕ್ಕೆ ಮೊದಲು ಪರೀಕ್ಷೆ ಮಾಡಬೇಕಿತ್ತು. ಒಂದೇ ತಗಡಿನಿಂದ ಎರಡು ಪಟ್ಟಿ ಕತ್ತರಿಸಿ, ಎರಡನ್ನೂ ಒಟ್ಟಿಗೆ ಕಾಯಿಸಿದೆ. ಒಂದನ್ನು ಬೂದಿಯಲ್ಲಿ ಇಟ್ಟೆ, ಇನ್ನೊಂದನ್ನು ನೀರಿಗೆ ಹಾಕಿದೆ. ಬೂದಿಯದು ಲಟಕ್ಕನೆ ಮುರಿಯಿತು, ನೀರಿನದು ಬಗ್ಗಿತು. ಕಬ್ಬಿಣವನ್ನು ಕಾಯಿಸಿ ನೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ, ಇದು ತಿರುಗಾಮುರುಗಾ. ನಿಧಾನವಾಗಿ ಆರಿದಷ್ಟೂ ಈ ಕೆಂಪು ಚಿನ್ನ ಬಿಗಿಯುತ್ತದೆ. ಅಂದರೆ ಇಷ್ಟು ದಿನ ಭಕ್ತಿಯಿಂದ ಬೂದಿಯಲ್ಲಿ ಮಲಗಿಸಿ ಅದನ್ನು ಕೆಡಿಸುತ್ತಿದ್ದವನು ನಾನೇ. ಹದ ಅಂತ ಮಾಡಿದ್ದೆಲ್ಲ ಅದರ ಹದ ತಪ್ಪಿಸುತ್ತಿತ್ತು.

ಆಮೇಲೂ ಸಲೀಸೇನಲ್ಲ. ಕೆಂಡದಂತೆ ಕೆಂಪಗಿರುವಾಗಲೇ ನೀರಿಗೆ ಹಾಕಿದರೆ ಕೂದಲೆಳೆಯ ಬಿರುಕು ಬರುತ್ತಿತ್ತು, ತೀರಾ ತಡ ಮಾಡಿದರೆ ಮತ್ತೆ ಬಿಗಿಯುತ್ತಿತ್ತು. ಕೆಂಪು ಆರಿ ಇನ್ನೇನು ಕಪ್ಪಾಗಬೇಕು ಅನ್ನುವ ಗಳಿಗೆಯಲ್ಲಿ ಹಾಕಬೇಕು. ಬಿಸಿಲಿನಲ್ಲಿ ಆ ಬಣ್ಣ ಸರಿಯಾಗಿ ಕಾಣುವುದಿಲ್ಲ ಅಂತ ಅಗ್ಗಿಷ್ಟಿಕೆಯನ್ನು ನಡುಮನೆಯ ಮೂಲೆಗೆ ಎಳೆದುಕೊಂಡೆ. ಗಳಿಗೆ ಸರಿಯಾಗಿ ಸಿಕ್ಕಿದಾಗಲೆಲ್ಲ ಮಡಕೆಯಿಂದ ಚುಂಯ್ ಅಂತ ಸಣ್ಣ ಸದ್ದು ಬರುತ್ತಿತ್ತು.

ಆ ಸದ್ದು ಜಗಲಿಗೂ ಕೇಳಿಸಿತು.

"ಏನದು ಸದ್ದು? ಕಮ್ಮಾರನ ಕುಲುಮೆ ಸದ್ದು ನಮ್ಮನೇಲಿ ಯಾಕ್ ಬರ್ತಿದೆ?"

"ನೀರಿಗೆ ಹಾಕ್ದೆ ಅಪ್ಪಾ."

"ಆರಿದ ಮೇಲೆ ತಾನೆ?"

"ಇಲ್ಲ. ಸುಡೋವಾಗ್ಲೇ."

ಒಲೆಯ ಮುಂದಿದ್ದ ನನ್ನ ಹೆಂಡತಿ ಕೈಯಲ್ಲಿನ ಕೆಲಸ ನಿಲ್ಲಿಸಿದಳು.

"ಅದು ಲಕ್ಷ್ಮಿ ಕಣೋ," ಅಂದರು ಅಪ್ಪ.

"ಬೂದೀಲಿಟ್ರೆ ಒಡೀತಾಳೆ, ನೀರಿಗೆ ಹಾಕಿದ್ರೆ ಬಗ್ತಾಳೆ. ನಾನೇನ್ ಮಾಡ್ಲಿ ಹೇಳು. ಇದು ನೀನು ನೋಡಿದ ಚಿನ್ನ ಅಲ್ಲ ಅಪ್ಪಾ. ಇದರ ಹದವೇ ಬೇರೆ."

"ಹಂಗಾದ್ರೆ ಮಾಡ್ಕೋ. ನಿನ್ ಮನೆ, ನಿನ್ ಅಗ್ಗಿಷ್ಟಿಕೆ. ಅದನ್ನ ಒಡವೆ ಅಂತ ಮಾತ್ರ ನನ್ನೆದುರಿಗೆ ಅನ್ಬೇಡ."

ನನಗೆ ಅಪ್ಪನ ಮೇಲೆ ಭಕ್ತಿ ಇತ್ತು, ಈಗಲೂ ಇದೆ. ಆ ಮಾತು ನಾಟಿತು. ಇಕ್ಕಳ ಕೆಳಗಿಟ್ಟು ಎದ್ದುಬಿಡೋಣ, ನಾಳೆಯಿಂದ ಹುರಿ ಕಾರ್ಖಾನೆಗೆ ಹೋಗೋಣ ಅನ್ನಿಸಿದ್ದೂ ನಿಜ. ಆದರೆ ಕೈಯಲ್ಲಿದ್ದ ಪಟ್ಟಿ ಬಗ್ಗುತ್ತಿತ್ತು. ಅಷ್ಟು ದಿನ ನನ್ನನ್ನು ಸತಾಯಿಸಿದ ಲೋಹ ಕೊನೆಗೂ ಮಾತು ಕೇಳತೊಡಗಿದಾಗ ಬಿಟ್ಟು ಏಳುವಷ್ಟು ಒಳ್ಳೆಯತನ ನನ್ನಲ್ಲಿ ಇರಲಿಲ್ಲ. ಮತ್ತೊಂದು ಪಟ್ಟಿ ಕಾಯಿಸಿದೆ, ಅವರಿಗೆ ಕೇಳಿಸುವ ಹಾಗೆಯೇ ನೀರಿಗೆ ಹಾಕಿದೆ.

ತಗಡು ಈಗ ಸೀಳದೆ ಬಂತು. ಎಲೆ ಎತ್ತುವುದು ಹೇಗೆ? ಹದವಾದ ಮೇಲೂ ಇದು ಇಪ್ಪತ್ತೆರಡರಷ್ಟು ಮೆತ್ತಗಿರಲಿಲ್ಲ, ಅಚ್ಚಿನ ಸೂಕ್ಷ್ಮದೊಳಕ್ಕೆ ಇಳಿಯುತ್ತಿರಲಿಲ್ಲ. ಇನ್ನೊಂದು ಅಚ್ಚು ಮುಕ್ಕು ಮಾಡುವ ಧೈರ್ಯ ನನಗಿರಲಿಲ್ಲ. ಅಚ್ಚುಗಳನ್ನೆಲ್ಲ ಒರೆಸಿ, ಎಣ್ಣೆ ಸವರಿ, ಪೆಟ್ಟಿಗೆಗೆ ಹಾಕಿದೆ. ಅಚ್ಚಿಲ್ಲದೆ ಒಡವೆ ಯೋಚಿಸಬೇಕಾಗಿ ಬಂದದ್ದು ನನಗೆ ಅದೇ ಮೊದಲು. ತಲೆಯೊಳಗೆ ಏನೂ ಇರಲಿಲ್ಲ, ಖಾಲಿ. ಇಷ್ಟು ವರ್ಷ ನನ್ನ ಕಲೆ ಅಂದುಕೊಂಡದ್ದು ಆ ಪೆಟ್ಟಿಗೆಯಲ್ಲಿತ್ತು ಅನ್ನುವುದು ಆಗ ಗೊತ್ತಾಯಿತು.

ಎದುರು ಮನೆಯವರು ರೇಷ್ಮೆ ಹುಳ ಸಾಕುತ್ತಿದ್ದರು. ಬೆಳಿಗ್ಗೆ ಆ ಮನೆಯ ಯಜಮಾನಿತಿ ಬಿದಿರ ತಟ್ಟೆ ಕೊಡವಿ, ಹುಳ ತಿಂದುಳಿದ ಎಲೆಗಳನ್ನು ತಿಪ್ಪೆಗೆ ಹಾಕುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಅವತ್ತು ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದ ನನ್ನ ಕಾಲಬುಡಕ್ಕೆ ಗಾಳಿಗೆ ಒಂದು ಎಲೆ ಬಂದು ಬಿತ್ತು. ಗೂಡು ಕಟ್ಟುವ ದಿನ ಹತ್ತಿರವಾದ ಹುಳ ಹಿಪ್ಪುನೇರಳೆ ಎಲೆಯ ಹಸುರನ್ನೆಲ್ಲ ತಿಂದು ಗಟ್ಟಿ ನರಗಳನ್ನು ಮಾತ್ರ ಬಿಡುತ್ತದೆ. ನಡುದಂಟು, ಅದರಿಂದ ಹೊರಟ ನರಗಳು, ಅವುಗಳ ನಡುವೆ ಬೆಳಕು. ಎಲೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಲೇ ಇದ್ದೆ. ಮೆತ್ತನೆಯ ಚಿನ್ನದಲ್ಲಿ ಇದನ್ನು ಮಾಡಿದರೆ ಬೆರಳು ತಾಗಿದರೂ ಮುದುರಿಹೋಗುತ್ತದೆ. ಈ ಮೊಂಡು ಲೋಹದಲ್ಲಿ ನಿಲ್ಲುತ್ತದೆ!

ಒಳಗೆ ಹೋಗಿ ಹೆಂಡತಿಯ ಹತ್ತಿರ ಪೆನ್ಸಿಲು ಕೇಳಿದೆ.

"ಏನ್ರೀ, ಲೆಕ್ಕ ಬರೀಬೇಕಾ?"

"ಎಲೆ ಬರೀಬೇಕು."

ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವಿರಲಿಲ್ಲ.

ನಮ್ಮಲ್ಲಿ ಕಾಗದದ ಮೇಲೆ ಬರೆಯುವ ಪದ್ಧತಿ ಇರಲಿಲ್ಲ. ನನ್ನ ಮೊದಲ ಎಲೆ ಬದನೆಕಾಯಿಯ ಹಾಗೆ ಬಂತು. ಬರೆದೂ ಬರೆದೂ ಒಂದು ಹಂತಕ್ಕೆ ತಂದು, ಕಾಗದವನ್ನು ಗೋಂದಿನಿಂದ ತಗಡಿನ ಮೇಲೆ ಅಂಟಿಸಿ, ನರಗಳ ನಡುವಿನ ಜಾಗದಲ್ಲಿ ತೂತು ಕೊರೆದು, ಅದರೊಳಗೆ ಗರಗಸದ ಎಳೆ ತೂರಿಸಿದೆ. ಹರಳಿನ ಕೆಲಸಕ್ಕೆ ಅಂತ ಇಟ್ಟುಕೊಂಡಿದ್ದ ಸಣ್ಣ ಗರಗಸ ಅದು. ಕುದುರೆಬಾಲದ ಕೂದಲಿನಷ್ಟು ಸಣ್ಣ ಎಳೆ, ತುಸು ಓರೆಯಾದರೂ ತುಂಡಾಗುತ್ತದೆ. ಇದ್ದವೆಲ್ಲ ತುಂಡಾದವು. ಬಸ್ಸು ಹತ್ತಿ ಬೆಂಗಳೂರಿನ ನಗರ್ತಪೇಟೆಗೆ ಹೋಗಿ ಇನ್ನೊಂದು ಕಟ್ಟು ತಂದೆ. ಎಳೆಗೆ ಜೇನುಮೇಣ ಸವರಿದರೆ ಸರಾಗವಾಗಿ ಹೋಗುತ್ತದೆ ಅನ್ನುವುದನ್ನು ಅರ್ಧ ಕಟ್ಟು ಮುರಿದ ಮೇಲೆ ಕಲಿತೆ. ಯಾರಾದರೂ ಮೊದಲೇ ಹೇಳಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ.

ಎಲೆಗಳು ಒಂದೊಂದಾಗಿ ಬಂದವು. ಒಂದರ ಹಾಗೆ ಇನ್ನೊಂದು ಇರಲಿಲ್ಲ. ಅಚ್ಚಿನ ಎಲೆಗಳು ಅವಳಿ ಜವಳಿ, ಇವು ಅಣ್ಣತಮ್ಮಂದಿರು. ಮೊದಮೊದಲು ಅದನ್ನು ನನ್ನ ಕೈಯ ತಪ್ಪು ಅಂದುಕೊಂಡು ಅರ ಹಾಕಿ ಸಮ ಮಾಡಲು ನೋಡಿದೆ. ಆಮೇಲೆ ತಿಪ್ಪೆಯಿಂದ ಹತ್ತಾರು ಎಲೆ ಆರಿಸಿ ತಂದು ಸಾಲಾಗಿ ಜೋಡಿಸಿ ನೋಡಿದೆ, ಅವೂ ಒಂದರ ಹಾಗೆ ಒಂದಿರಲಿಲ್ಲ. ಅರ ಕೆಳಗಿಟ್ಟೆ.

ಇನ್ನೇನು ಜೋಡಿಸಿದರೆ ಮುಗಿಯಿತು ಅನ್ನುವಾಗ ಬೆಸುಗೆ ಕೈಕೊಟ್ಟಿತು. ಎಂದಿನ ಬೆಸುಗೆಯ ಚೂರನ್ನೇ ಇಟ್ಟು, ದೀಪದ ಉರಿಯನ್ನು ಊದುಗೊಳವೆಯಿಂದ ಎಲೆಯ ತೊಟ್ಟಿಗೆ ಹಾಯಿಸಿದೆ. ಬೆಸುಗೆ ಕರಗಲಿ ಅಂತ ಊದುತ್ತಿದ್ದೇನೆ, ಅದು ಕರಗುವುದಕ್ಕೆ ಮೊದಲು ಎಲೆಯ ನರಗಳೇ ಕುಸಿದು ಒಂದು ಗುಂಡಾಗಿ ಉರುಳಿಬಿಟ್ಟವು. ಇಪ್ಪತ್ತೆರಡಕ್ಕೆ ಮಾಡಿದ ಬೆಸುಗೆ ಕರಗಲು ಬೇಕಾದ ಉರಿಯನ್ನು ಈ ಸಣ್ಣ ನರಗಳು ತಡೆಯಲಿಲ್ಲ. ಅವತ್ತು ಮಾತ್ರ ನಾನು ಅತ್ತೆ, ಹಿತ್ತಲಿಗೆ ಹೋಗಿ. ಅತ್ತು ಬಂದು ಬೆಳ್ಳಿ ಹೆಚ್ಚು ಹಾಕಿ, ಬೇಗ ಕರಗುವ ಹೊಸ ಬೆಸುಗೆ ಮಾಡಿಕೊಂಡೆ. ಎಲ್ಲೆಲ್ಲಿ ಬೆಸುಗೆ ಬೇಡವೋ ಅಲ್ಲೆಲ್ಲ ಸಣ್ಣ ಉಂಗುರ ಹಾಕಿ ಎಲೆಗಳನ್ನು ಕೋದೆ. ಹಾಗೆ ಕೋದದ್ದರಿಂದ ಅಡ್ಡಿಕೆ ಬಿಗಿಯಾಗಿ ನಿಲ್ಲದೆ ಕೊರಳು ತಿರುಗಿದ ಕಡೆ ತಾನೂ ತಿರುಗುವಂತಾಯಿತು. ಅದು ನಾನು ಯೋಚಿಸಿ ಮಾಡಿದ್ದಲ್ಲ, ಆದರೆ ನೋಡಿದ ಮೇಲೆ ಬಿಡಲೂ ಇಲ್ಲ.

ಒಪ್ಪ ಹಾಕಿ ಮುಗಿಸಿದ ದಿನ ಅದನ್ನು ಹಲಗೆಯ ಮೇಲೆ ಹರಡಿ ಊಟಕ್ಕೆ ಹೋಗಿದ್ದೆ. ವಾಪಸ್ಸು ಬಂದಾಗ ಅಪ್ಪ ಅದರ ಮುಂದೆ ಕೂತಿದ್ದರು. ಬೆರಳ ತುದಿಯಿಂದ ಒಂದೊಂದು ಎಲೆಯನ್ನೂ, ಒಂದೊಂದು ನರವನ್ನೂ ತಡವುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ.

"ಬಲಗಡೆ ಮೂರ್ನೇ ಎಲೆ," ಅಂದರು ತಲೆಯೆತ್ತದೆ. "ಹಿಂದ್ಗಡೆ ಅಂಚು ಹಂಗೇ ಬಿಟ್ಟಿದೀಯ. ಹೆಣ್ಣು ಮಗೂ ಕೊರಳು ಗೀರಲ್ವಾ? ಒಡವೆ ಅಂದ್ಮೇಲೆ ಹಿಂದ್ಗಡೆನೂ ನೋಡ್ಬೇಕು."

ನಾನು ಕೂತು ಆ ಅಂಚನ್ನು ಉಜ್ಜಿದೆ. ಅವರು ಮತ್ತೆ ತಡವಿ ನೋಡಿ, ಇನ್ನೂ ಉಜ್ಜು ಅಂದರು. ಮತ್ತೆ ಉಜ್ಜಿದೆ. ಎರಡೆರಡು ಸಲ ಉಜ್ಜಿಸಿಕೊಂಡು ಅಷ್ಟು ಸಂತೋಷಪಟ್ಟವನು ಇನ್ನೊಬ್ಬನಿರಲಾರ.

ಗುಮಾಸ್ತರು ಹೆಂಡತಿ ಮಗಳ ಜೊತೆ ಬಂದರು. ಅಡ್ಡಿಕೆ ನೋಡಿದ ತಕ್ಷಣ ಗುಮಾಸ್ತರ ಹೆಂಡತಿಯ ಮುಖ ಇಳಿಯಿತು. "ಕೆಂಪಗಿದೆಯಲ್ಲ ಆಚಾರ್ರೇ. ಎಲೆಯೆಲ್ಲ ತೂತು ತೂತು. ಹುಳ ತಿಂದಂಗಿದೆ."

"ಹುಳ ತಿಂದದ್ದೇ ಅಮ್ಮಾ. ಹಿಪ್ಪುನೇರಳೆ ಎಲೆ," ಅಂದೆ. ಸುಳ್ಳು ಹೇಳಲು ಬರಲಿಲ್ಲ.

ಆಕೆ ಗಂಡನ ಮುಖ ನೋಡಿದರು. ಗುಮಾಸ್ತರು ಚಾಪೆ ನೋಡಿದರು. ಮಗಳು ಮಾತ್ರ ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅವಳ ಮುಖದ ಮೇಲೆ ನರಗಳ ನೆರಳು ಬಿತ್ತು. "ಹುಳ ಎಲೆ ತಿಂದ್ರೆ ತಾನೆ ಅಮ್ಮಾ ನಮ್ಮೂರಲ್ಲಿ ಎಲ್ಲಾರ ಮನೆ ಒಲೆ ಉರಿಯೋದು? ನಂಗಿದೇ ಬೇಕು," ಅಂದು ಕೊರಳಿಗೆ ಕಟ್ಟಿಕೊಂಡಳು. ಮದುಮಗಳ ಮಾತಿಗೆ ಆಮೇಲೆ ಯಾರೂ ಎದುರಾಡಲಿಲ್ಲ.

ಮದುವೆಯಾದ ವಾರ ಭಾವಮೈದ ಬಂದ. ಜಾಗ ಬೇರೆಯವರಿಗೆ ಕೊಡು ಅಂದೆ. ಅವನು ಬೇಜಾರು ಮಾಡಿಕೊಂಡನೋ ಸಂತೋಷಪಟ್ಟನೋ, ಕಾಫಿ ಕುಡಿದು ಹೋದ. ಆ ಅಡ್ಡಿಕೆ ನೋಡಿ ಆಮೇಲೆ ಕೆಲವರು ಬಂದರು, ಜಾತ್ರೆಯಂತೇನೂ ಅಲ್ಲ, ಒಲೆ ಉರಿಯುವಷ್ಟು. ತಾಮ್ರದ ಜೊತೆ ಬೆಳ್ಳಿಯನ್ನೂ ಹಾಕಿ ಕೆಂಪು ತಗ್ಗಿಸಿದೆ. ಮೊದಲು ಬರೆದು, ಆಮೇಲೆ ತಗಡು ಮುಟ್ಟುವುದು ಅಭ್ಯಾಸವಾಯಿತು.

ಮೂರ್ನಾಲ್ಕು ವರ್ಷಕ್ಕೆ ಹದಿನಾಲ್ಕರ ಕಟ್ಟುಪಾಡು ತೆಗೆದರು. ಜನಕ್ಕೆ ಇಪ್ಪತ್ತೆರಡರ ಹಸಿವು. 'ಕ್ಯಾರೆಟ್ಟಿನದು' ಅನ್ನುವುದೇ ಬೈಗುಳವಾಯಿತು. ನಾನು ಮಾಡಿದ ಹೂವು, ಬಳ್ಳಿ, ಎಲೆ ಒಂದೊಂದಾಗಿ ಕರಗಲು ನನ್ನ ಹತ್ತಿರವೇ ಬಂದವು. ನಾನೇ ಕರಗಿಸಿದೆ. ಅವರ ಚಿನ್ನ, ಅವರ ಇಷ್ಟ, ಆದರೂ ಪ್ರತಿ ಸಲವೂ ಸಂಕಟವಾಗುತ್ತಿತ್ತು. ಅಚ್ಚಿನ ಪೆಟ್ಟಿಗೆ ತೆಗೆದು ಹಳೇ ಕೆಲಸ ಮಾಡಲು ಕೂತೆ, ಕೈ ಹೋಗಲಿಲ್ಲ. ಮೆತ್ತನೆಯ ಚಿನ್ನಕ್ಕೂ ಮೊದಲು ಪೆನ್ಸಿಲೇ ಬೇಕಾಗಿತ್ತು ನನಗೆ. ಅದಕ್ಕೆ ತಕ್ಕ ದಪ್ಪದ, ಬೇರೆಯದೇ ಎಲೆ ಬರೆಯುವುದನ್ನು ಮತ್ತೆ ಮೊದಲಿನಿಂದ ಕಲಿತೆ. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು.

ಎಪ್ಪತ್ತನೆಯ ಇಸವಿ ದಾಟಿದ ಮೇಲೆ ಒಂದು ದಿನ ಗುಮಾಸ್ತರ ಮಗಳು ಬಂದಳು. ಸೂಲಿಬೆಲೆಯಿಂದ ಒಬ್ಬಳೇ ಬಂದಿದ್ದಳು. ಚೀಲದಿಂದ ಅಡ್ಡಿಕೆ ತೆಗೆದು ಹಲಗೆಯ ಮೇಲಿಟ್ಟಳು. ಹದಿನಾಲ್ಕರಲ್ಲಿ ನಾನು ಮಾಡಿದ್ದರಲ್ಲಿ ಕರಗದೆ ಉಳಿದಿದ್ದದ್ದು ಅದೊಂದೇ. ಬಂದ ಕಾರಣ ಅವಳು ಬಾಯಿ ಬಿಡುವ ಮೊದಲೇ ಗೊತ್ತಾಯಿತು.

"ಕರಗ್ಸಿ ಇಪ್ಪತ್ತೆರಡ್ರಲ್ಲಿ ಮಾಡ್ಕೊಡಿ ಆಚಾರ್ರೇ. ನಮ್ಮತ್ತೆ ಯಾರ್ ಮನೆ ಮದ್ವೆಗೆ ಹೋದ್ರೂ 'ನಮ್ ಸೊಸೆದು ಕ್ಯಾರೆಟ್ಟಿಂದು' ಅಂತ ಅವ್ರೇ ಮೊದ್ಲು ಹೇಳ್ತಾರೆ. ಸಾಕಾಗೋಗಿದೆ. ಕಮ್ಮಿ ಬೀಳೋ ಚಿನ್ನ ಅವ್ರೇ ಕೊಟ್ಟು ಕಳ್ಸವ್ರೆ. ಆದ್ರೆ ಇದೇ ಥರ ಇರ್ಬೇಕು."

ಚಾಪೆ ಹಾಕಿದೆ, ಅಗ್ಗಿಷ್ಟಿಕೆಗೆ ಇದ್ದಲು ಹಾಕಿ ಉರಿ ಮಾಡಿದೆ. ಬೇಡ ಅನ್ನುವ ಹಕ್ಕು ನನಗಿರಲಿಲ್ಲ. ಸುಳ್ಳು ಹೇಳುವ ಹಕ್ಕೂ ಇರಲಿಲ್ಲ.

"ಮಾಡ್ಕೊಡ್ತೀನಿ ತಾಯಿ. ಆದ್ರೆ ಇದೇ ಥರ ಬರಲ್ಲ. ಇಪ್ಪತ್ತೆರಡು ಮೆತ್ಗೆ. ಇಷ್ಟು ಸಣ್ಣ ನರ ನಿಲ್ಲಲ್ಲ, ಮಗು ಎಳೆದ್ರೆ ಬಗ್ಗೋಗುತ್ತೆ. ದಪ್ಪ ಮಾಡ್ಬೇಕು, ತೂತು ತುಂಬಿಸ್ಬೇಕು. ಚೆನ್ನಾಗೇ ಮಾಡ್ತೀನಿ, ಬೇರೆ ಥರ ಇರುತ್ತೆ."

"ನೀವೇ ಮಾಡಿದ್ರೂ ಬರಲ್ವಾ?"

"ನಾನೇ ಮಾಡಿದ್ರೂ ಬರಲ್ಲ."

ಅವಳು ಅಡ್ಡಿಕೆಯನ್ನು ಕೈಗೆ ತೆಗೆದುಕೊಂಡಳು. ಒಂದು ಎಲೆಯನ್ನು ಬೆರಳಿನಿಂದ ಬಗ್ಗಿಸಲು ನೋಡಿದಳು, ಬಗ್ಗಲಿಲ್ಲ. "ನನ್ ಮಗ ಇದನ್ನ ಹಿಡ್ಕೊಂಡೇ ಎದ್ದು ನಿಲ್ಲೋದು ಕಲ್ತ," ಅಂದಳು. ಆಮೇಲೆ ಅದನ್ನು ಕೊರಳಿಗಿಟ್ಟುಕೊಂಡು ಎದ್ದಳು. ನನ್ನ ಹೆಂಡತಿಯ ಕಡೆ ಬೆನ್ನು ತಿರುಗಿಸಿ, ಜಡೆ ಮುಂದಕ್ಕೆ ಎಳೆದುಕೊಂಡು, "ಅಕ್ಕಾ, ಹಿಂದ್ಗಡೆ ಕೊಂಡಿ ಹಾಕಿ," ಅಂದಳು.

ಹೆಂಡತಿ ಕೊಂಡಿ ಹಾಕಿದಳು. "ನಿಮ್ಮತ್ತೆಗೆ ಏನಂತ ಹೇಳ್ತೀಯಮ್ಮಾ?"

"ಆಚಾರ್ರಿಗೆ ಆ ಕೆಲ್ಸ ಬರಲ್ವಂತೆ ಅಂತ ಹೇಳ್ತೀನಿ," ಅಂದು ನಗುತ್ತ ಬಸ್ಸಿಗೆ ಹೊರಟಳು.

ಅದು ಸುಳ್ಳೇನೂ ಅಲ್ಲ. ಹೊತ್ತಿಸಿದ ಇದ್ದಲಿಗೆ ನೀರು ಚಿಮುಕಿಸಿ ಜಗಲಿಗೆ ಬಂದು, ಅವಳು ಬೀದಿಯ ತಿರುವು ದಾಟುವವರೆಗೂ ನೋಡುತ್ತ ಕೂತೆ. ನನಗೆ ಕೆಲಸ ಬರುವುದಿಲ್ಲ ಅಂತ ಒಬ್ಬರು ಹೇಳಿದಾಗ ನಾನು ಖುಷಿಪಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ.